ಕ್ವಿಬೆಕ್: ರಾಷ್ಟ್ರೀಯವಾದಿಗಳು ಗೆಲ್ಲುವ ಪ್ರಾಂತದಲ್ಲಿ ಪ್ರತ್ಯೇಕತೆ ಏಕೆ ಗೆಲ್ಲಲಿಲ್ಲ?

ಧಾರವಾಡದ ವಿದ್ಯಾರ್ಥಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ರಾಜ್ಯಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಬೇರೆ ಬೇರೆ ದೇಶಗಳ ಒಕ್ಕೂಟ ವ್ಯವಸ್ಥೆಯನ್ನು ಓದುತ್ತಿದ್ದೇನೆ. ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತವಾದ ಕ್ವಿಬೆಕ್ ವಿಷಯಕ್ಕೆ ಬಂದಾಗ ಮಾತ್ರ ಎಷ್ಟು ಓದಿದರೂ ಗೊಂದಲ ಬಗೆಹರಿಯುತ್ತಿಲ್ಲ. 2022ರ ಪ್ರಾಂತೀಯ ಚುನಾವಣೆಯಲ್ಲಿ ಫ್ರಾನ್ಸ್ವಾ ಲೆಗೋ ಅವರ ಕೊಅಲಿಸಿಯೋ ಅವೆನೀರ್ ಕ್ವಿಬೆಕ್ ಪಕ್ಷವು 125 ಸ್ಥಾನಗಳಲ್ಲಿ 90ನ್ನು ಗೆದ್ದಿತು. ಆ ಪಕ್ಷ ತನ್ನನ್ನು ರಾಷ್ಟ್ರೀಯವಾದಿ ಎಂದೇ ಕರೆದುಕೊಳ್ಳುತ್ತದೆ, ಆದರೆ ಸ್ವಾತಂತ್ರ್ಯದ ಜನಮತಗಣನೆ ನಡೆಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಸ್ವತಂತ್ರ ದೇಶವೇ ಬೇಕೆನ್ನುವ ಪಾರ್ಟಿ ಕ್ವಿಬೆಕ್ವಾ ಪಕ್ಷಕ್ಕೆ ಅದೇ ಚುನಾವಣೆಯಲ್ಲಿ ಬಂದದ್ದು 3 ಸ್ಥಾನ. ಹಾಗಾದರೆ ಪ್ರತ್ಯೇಕತೆಯ ಕಥೆ ಮುಗಿಯಿತೇ ಎಂದುಕೊಂಡರೆ, ಅದರ ಹಿಂದಿನ ವರ್ಷವಷ್ಟೇ ಕೆನಡಾದ ರಾಜಧಾನಿ ಒಟ್ಟಾವಾದ ಸಂಸತ್ತಿಗೆ ಇದೇ ಮತದಾರರು ಪ್ರತ್ಯೇಕತಾವಾದಿ ಬ್ಲಾಕ್ ಕ್ವಿಬೆಕ್ವಾದ 32 ಸದಸ್ಯರನ್ನು ಕಳುಹಿಸಿದ್ದರು.

ರಾಷ್ಟ್ರೀಯವಾದಿಯೂ ಆಗಿದ್ದು ಪ್ರತ್ಯೇಕತಾವಾದಿ ಆಗದೇ ಇರುವುದು ಹೇಗೆ ಸಾಧ್ಯ? ಅಲ್ಲಿನ ಲಿಬರಲ್ ಪಕ್ಷವೂ ಒಟ್ಟಾವಾದ ಲಿಬರಲ್ ಪಕ್ಷವೂ ಒಂದೆಯೇ? ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಶಿವಮೊಗ್ಗದ ನಿವೃತ್ತ ಅಧ್ಯಾಪಕ:

ಚಿಕ್ಕ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಎರಡೂ ಲಿಬರಲ್ ಪಕ್ಷಗಳ ಹೆಸರು ಒಂದೇ ಆದರೂ 1964ರಿಂದ ಅವು ಸಂಘಟನೆಯಲ್ಲಿ ಬೇರೆ ಬೇರೆ. ಎಷ್ಟು ಬೇರೆಯೆಂದರೆ, ಒಟ್ಟಾವಾದಲ್ಲಿ ಕನ್ಸರ್ವೇಟಿವರ ನಾಯಕನಾಗಿದ್ದ ಜಾನ್ ಶಾರೆ 1998ರಲ್ಲಿ ಕ್ವಿಬೆಕ್ ಲಿಬರಲ್ ಪಕ್ಷದ ನಾಯಕನಾಗಿ, 2003ರಲ್ಲಿ ಪ್ರಾಂತದ ಪ್ರಧಾನಿಯೂ (ನಮ್ಮ ಮುಖ್ಯಮಂತ್ರಿಯಂತೆ) ಆದರು.

ಇನ್ನು ದೊಡ್ಡ ಪ್ರಶ್ನೆ. ತಮ್ಮ ಗೊಂದಲದ ಬೇರು ಅರ್ಧ ಭಾಗ ನಮ್ಮ ಅನುವಾದದಲ್ಲಿಯೇ ಇದೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಫ್ರೆಂಚಿನ 'ನಾಸಿಯೋ' ಎಂಬ ಪದವನ್ನು ನಾವು ಯೋಚಿಸದೆ 'ರಾಷ್ಟ್ರ' ಎಂದು ಕನ್ನಡಕ್ಕೆ ತರುತ್ತೇವೆ. ಆ ಕೂಡಲೇ ಸೈನ್ಯ, ಗಡಿ, ಪಾಸ್‌ಪೋರ್ಟ್ ಇರುವ ದೇಶವೊಂದು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕ್ವಿಬೆಕ್ ಜನ ಬಳಸುವ ಅರ್ಥಕ್ಕೆ ನಮ್ಮ 'ನಾಡು' ಎಂಬ ಮಾತು ಹೆಚ್ಚು ಹತ್ತಿರ. ಅವರ ಶಾಸನಸಭೆಗೆ 1968ರಿಂದ 'ನ್ಯಾಷನಲ್ ಅಸೆಂಬ್ಲಿ' ಎಂದು ಹೆಸರು. ಕ್ವಿಬೆಕ್ ನಗರ 'ರಾಷ್ಟ್ರೀಯ ರಾಜಧಾನಿ', ಜೂನ್ 24ರ ಸಂತ ಜಾನ್ ಬ್ಯಾಪ್ಟಿಸ್ಟ್ ದಿನ 'ರಾಷ್ಟ್ರೀಯ ಹಬ್ಬ'. ಇವುಗಳನ್ನು ನಾಡಸಭೆ, ನಾಡಿನ ರಾಜಧಾನಿ, ನಾಡಹಬ್ಬ ಎಂದು ಓದಿಕೊಂಡು ನೋಡಿ. ನಾಡಿನ ಅಭಿಮಾನ ಅಲ್ಲಿ ಎಲ್ಲ ಪಕ್ಷಗಳಿಗೂ ಸೇರಿದ್ದು. ಆ ನಾಡು ಪ್ರತ್ಯೇಕ ದೇಶವಾಗಬೇಕೇ ಎಂಬುದರ ಮೇಲೆ ಮಾತ್ರ ಪಕ್ಷಗಳು ಒಡೆದು ನಿಲ್ಲುತ್ತವೆ.

ಹಿಂದಿನಿಂದಲೂ ಇದು ಹೀಗೆಯೇ ನಡೆದು ಬಂದಿದೆ. 1936ರಿಂದ 39ರವರೆಗೆ ಮತ್ತು 1944ರಿಂದ 1959ರಲ್ಲಿ ತೀರಿಕೊಳ್ಳುವವರೆಗೆ ಆಳಿದ ಯೂನಿಯನ್ ನ್ಯಾಷನಲ್ ಪಕ್ಷದ ಮಾರಿಸ್ ಡುಪ್ಲೆಸಿ ಗಟ್ಟಿ ನಾಡಾಭಿಮಾನಿ. ಇಂದಿನ ನೀಲಿ-ಬಿಳಿ ಬಾವುಟವನ್ನು 1948ರ ಜನವರಿಯಲ್ಲಿ ಶಾಸನಸಭೆಯ ಗೋಪುರದ ಮೇಲೆ ಏರಿಸಿದ್ದು ಆತನ ಸರ್ಕಾರವೇ. ಆದರೆ ಆತನ ನಾಡು ಚರ್ಚು, ಹೊಲ, ಕುಟುಂಬಗಳನ್ನು ಹೊರಗಿನ ಗಾಳಿ ಸೋಕದಂತೆ ಕಾಯುವ ನಾಡು. 1960ರಲ್ಲಿ ಲಿಬರಲ್ ಪಕ್ಷದ ಜಾನ್ ಲೆಸಾಜ್ ಅಧಿಕಾರಕ್ಕೆ ಬಂದಾಗ ಅದೇ ಅಭಿಮಾನ ಬೇರೆ ರೂಪ ತಾಳಿತು. 'ನಮ್ಮ ಮನೆಗೆ ನಾವೇ ಯಜಮಾನರು' ಎಂಬ ಘೋಷಣೆಯೊಂದಿಗೆ ಅವರು 1962ರ ಚುನಾವಣೆ ಗೆದ್ದು, ಖಾಸಗಿ ವಿದ್ಯುತ್ ಕಂಪನಿಗಳನ್ನು ಕೊಂಡು ಹೈಡ್ರೋ-ಕ್ವಿಬೆಕ್‌ಗೆ ಸೇರಿಸಿದರು. ಚರ್ಚಿನ ಕೈಯಲ್ಲಿದ್ದ ಶಾಲೆಗಳ ಮೇಲ್ವಿಚಾರಣೆಗೆ 1964ರಲ್ಲಿ ಶಿಕ್ಷಣ ಸಚಿವಾಲಯ ಬಂತು. ಇದನ್ನೇ 'ಶಾಂತ ಕ್ರಾಂತಿ' ಎನ್ನುತ್ತಾರೆ. ಇದನ್ನು ನಡೆಸಿದವರು ಪ್ರತ್ಯೇಕತಾವಾದಿಗಳಲ್ಲ ಎಂಬುದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ.

ಆ ವಿದ್ಯುತ್ ರಾಷ್ಟ್ರೀಕರಣವನ್ನು ಪಟ್ಟು ಹಿಡಿದು ಮಾಡಿಸಿದ ಸಚಿವರ ಹೆಸರು ರೆನೆ ಲೆವೆಕ್. ಕ್ವಿಬೆಕ್ ಸಾರ್ವಭೌಮವಾಗಿ, ಕೆನಡಾದೊಂದಿಗೆ ಆರ್ಥಿಕ ನಂಟನ್ನು ಮಾತ್ರ ಉಳಿಸಿಕೊಳ್ಳಬೇಕೆಂಬ ಅವರ ವಾದವನ್ನು ಲಿಬರಲ್ ಪಕ್ಷ ತಳ್ಳಿಹಾಕಿದಾಗ ಅವರು 1967ರಲ್ಲಿ ಹೊರಬಂದರು, ಮರುವರ್ಷ ಪಾರ್ಟಿ ಕ್ವಿಬೆಕ್ವಾ ಕಟ್ಟಿದರು. 1973ರಲ್ಲಿ ಆ ಪಕ್ಷಕ್ಕೆ ಶೇ 30ರಷ್ಟು ಮತ ಬಂದರೂ ದಕ್ಕಿದ್ದು 6 ಸ್ಥಾನ. 1976ರ ನವೆಂಬರ್ 15ರಂದು ಶೇ 41ರಷ್ಟು ಮತದೊಂದಿಗೆ 110ರಲ್ಲಿ 71 ಸ್ಥಾನ ಗೆದ್ದು ಅದು ಅಧಿಕಾರಕ್ಕೆ ಬಂತು. ನಡುವೆ ಏನಾಯಿತು? ಪಕ್ಷವನ್ನು ಗೆಲ್ಲಿಸಿದ ಮಾತ್ರಕ್ಕೆ ಕ್ವಿಬೆಕ್ ಬೇರೆಯಾಗುವುದಿಲ್ಲ, ಅದಕ್ಕೆ ಪ್ರತ್ಯೇಕವಾಗಿ ಜನರ ಮತ ಕೇಳುತ್ತೇವೆ ಎಂದು ಲೆವೆಕ್ ಮಾತು ಕೊಟ್ಟರು. ಸರ್ಕಾರದ ಆಯ್ಕೆಯನ್ನೂ ದೇಶದ ಆಯ್ಕೆಯನ್ನೂ ಬಿಡಿಸಿಟ್ಟ ಆ ಒಂದು ನಿರ್ಧಾರ ಪಕ್ಷಕ್ಕೆ ಅಧಿಕಾರದ ಬಾಗಿಲನ್ನು ತೆರೆಯಿತು. ಸ್ವಾತಂತ್ರ್ಯವನ್ನು ಬೇಡವೆನ್ನುತ್ತಲೇ ಆ ಪಕ್ಷವನ್ನು ಆರಿಸುವ ದಾರಿಯನ್ನೂ ಅದೇ ನಿರ್ಧಾರ ಮತದಾರನಿಗೆ ತೋರಿಸಿಕೊಟ್ಟಿತು.

ಮತದಾರ ಆ ದಾರಿಯಲ್ಲಿಯೇ ನಡೆದ. 1980ರ ಫೆಬ್ರವರಿಯಲ್ಲಿ ಕ್ವಿಬೆಕ್ ತನ್ನ 75 ಸಂಸತ್ ಸ್ಥಾನಗಳಲ್ಲಿ 74ನ್ನು ಕ್ವಿಬೆಕ್‌ನವರೇ ಆದ, ಆದರೆ ಪ್ರತ್ಯೇಕತೆಯ ಕಡು ವಿರೋಧಿಯಾದ ಪಿಯರ್ ಟ್ರೂಡೋ ಅವರ ಕೇಂದ್ರ ಲಿಬರಲ್ ಪಕ್ಷಕ್ಕೆ ಕೊಟ್ಟಿತು. ಮೇ 20ರ ಜನಮತಗಣನೆಯಲ್ಲಿ ಶೇ 59.56 ಮಂದಿ 'ಬೇಡ' ಎಂದರು. 1981ರ ಏಪ್ರಿಲ್‌ನಲ್ಲಿ ಅದೇ ಜನ ಲೆವೆಕ್ ಅವರ ಪಕ್ಷವನ್ನು ಮೊದಲಿಗಿಂತ ಹೆಚ್ಚಿನ ಬಲದೊಂದಿಗೆ, 80 ಸ್ಥಾನ ಕೊಟ್ಟು ಮರಳಿ ಕೂರಿಸಿದರು. ಹದಿನಾಲ್ಕು ತಿಂಗಳಲ್ಲಿ ಮೂರು ತೀರ್ಪು. ಇವು ಒಂದಕ್ಕೊಂದು ವಿರುದ್ಧ ಎಂದು ನನಗೆ ಅನ್ನಿಸುವುದಿಲ್ಲ. ಒಟ್ಟಾವಾದಲ್ಲಿ ನಮ್ಮವನೊಬ್ಬ ಗಟ್ಟಿಯಾಗಿರಲಿ, ಮನೆಯಲ್ಲಿಯೂ ನಮ್ಮವನೊಬ್ಬ ಗಟ್ಟಿಯಾಗಿರಲಿ, ಮನೆ ಮಾತ್ರ ಒಡೆಯದಿರಲಿ ಎಂಬ ಒಂದೇ ಲೆಕ್ಕಾಚಾರ ಮೂರರಲ್ಲಿಯೂ ಇದೆ. ತಾವು ಕೇಳಿದ 2021 ಮತ್ತು 2022ರ ಫಲಿತಾಂಶಗಳೂ ಇದೇ ಜಾಡಿನವು.

ಮಾಂಟ್ರಿಯಲ್ ಕನ್ನಡತಿ:

ಮೇಷ್ಟ್ರು ಹೇಳಿದ ನಾಡು-ದೇಶದ ವ್ಯತ್ಯಾಸ ನನಗೆ ಬಹಳ ಹಿಡಿಸಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇಲ್ಲಿ ಬಾಳಿದವಳಾಗಿ ಒಂದು ಮಾತನ್ನು ಸೇರಿಸುತ್ತೇನೆ: ಈ ರಾಜಕೀಯದ ನಟ್ಟನಡುವೆ ಇರುವುದು ಭಾಷೆ. 1960ರ ದಶಕದಲ್ಲಿ ಕೇಂದ್ರ ಸರ್ಕಾರವೇ ನೇಮಿಸಿದ್ದ ದ್ವಿಭಾಷಾ ಆಯೋಗವು ವರಮಾನದ ಲೆಕ್ಕ ತೆಗೆದಾಗ, ಕ್ವಿಬೆಕ್‌ನ ಬಹುಸಂಖ್ಯಾತರಾದ ಫ್ರೆಂಚ್ ಮೂಲದವರು ಅವರದೇ ಪ್ರಾಂತದಲ್ಲಿ ಪಟ್ಟಿಯ ತಳದ ಸಮೀಪ ಇದ್ದರು. ಮಾಂಟ್ರಿಯಲ್‌ನ ದೊಡ್ಡ ಅಂಗಡಿಗಳಲ್ಲಿ, ಬ್ಯಾಂಕುಗಳ ಮೇಲಿನ ಹುದ್ದೆಗಳಲ್ಲಿ ಇಂಗ್ಲಿಷೇ ನಡೆಯುತ್ತಿತ್ತು. ವಲಸೆ ಬಂದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಸೇರಿಸುತ್ತಿದ್ದರು. ಜನನ ಪ್ರಮಾಣವೂ ಇಳಿಯುತ್ತಿದ್ದ ಕಾಲದಲ್ಲಿ, ಇನ್ನು ಎರಡು ತಲೆಮಾರಿಗೆ ನಮ್ಮ ಮಾತು ಉಳಿಯುವುದೇ ಎಂಬ ಭಯ ಹುಟ್ಟಿದ್ದು ಸಹಜವೇ ಆಗಿತ್ತು.

ಆ ಭಯಕ್ಕೆ ಉತ್ತರವಾಗಿ ಬಂದದ್ದು 1977ರ ಭಾಷಾ ಸನ್ನದು, ಜನರ ಬಾಯಲ್ಲಿ 'ನೂರೊಂದನೇ ಕಾನೂನು'. ಅದಕ್ಕೆ ಮೂರು ವರ್ಷ ಮುಂಚೆಯೇ ಫ್ರೆಂಚನ್ನು ಅಧಿಕೃತ ಭಾಷೆ ಮಾಡಿದ್ದು ಲಿಬರಲ್ ಪಕ್ಷದ ರಾಬರ್ಟ್ ಬುರಸ್ಸಾ ಸರ್ಕಾರ ಎಂಬುದೂ ನೆನಪಿರಲಿ. ನಾನು 1993ರಲ್ಲಿ ಬಂದೆ. ನನ್ನ ಹಿರಿಯ ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ಬಯಸಿದ್ದೆ. ತಂದೆ ಅಥವಾ ತಾಯಿ ಕೆನಡಾದಲ್ಲಿಯೇ ಇಂಗ್ಲಿಷಿನಲ್ಲಿ ಪ್ರಾಥಮಿಕ ಶಿಕ್ಷಣ ಪಡೆದಿದ್ದರೆ ಮಾತ್ರ ಅದಕ್ಕೆ ಹಕ್ಕು ಇರುತ್ತದೆ, ಹಾಸನದಲ್ಲಿ ಓದಿದ ನನಗೆ ಇರಲಿಲ್ಲ. ಹೊಸಬರ ಮಕ್ಕಳಿಗೆಂದೇ ಇರುವ 'ಸ್ವಾಗತ ತರಗತಿ'ಯಲ್ಲಿ ಅವಳು ಒಂದು ವರ್ಷ ಫ್ರೆಂಚ್ ಕಲಿತಳು. ಮೊದಲ ತಿಂಗಳು ಅತ್ತಳು, ಎರಡನೆಯ ಚಳಿಗಾಲದಲ್ಲಿ ಹಿಮದ ಬೂಟು ಕಟ್ಟಿಕೊಳ್ಳುತ್ತಾ ತಂಗಿಗೆ ಫ್ರೆಂಚಿನಲ್ಲಿ ಗದರುತ್ತಿದ್ದಳು. ಅಂದು ನನಗೆ ಸಿಟ್ಟಿತ್ತು, ಇಂದು ಇಲ್ಲ. ಅಲ್ಪಸಂಖ್ಯೆಯ ಭಾಷೆಯೊಂದು ಇಡೀ ಖಂಡದ ಇಂಗ್ಲಿಷಿನ ನಡುವೆ ಉಳಿಯಬೇಕಾದರೆ ಇನ್ನಾವ ದಾರಿ ಇತ್ತು ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಫ್ರಾನ್ಸಿನ ರಸ್ತೆಗಳಲ್ಲಿಯೂ ಕೆಂಪು ಫಲಕದ ಮೇಲೆ 'ಸ್ಟಾಪ್' ಎಂದಿರುತ್ತದೆ, ನಮ್ಮ ಬೀದಿಯ ತಿರುವಿನಲ್ಲಿ ಫ್ರೆಂಚಿನ 'ಅರೆ' (ನಿಲ್ಲಿ) ಎಂದಿದೆ. ಆ ಒಂದು ಫಲಕದಲ್ಲಿ ಈ ಜನರ ಎಚ್ಚರವೆಲ್ಲ ಇದೆ.

ನನ್ನ ಅಭಿಪ್ರಾಯ ಇಷ್ಟು: ನೂರೊಂದನೇ ಕಾನೂನು ಯಶಸ್ವಿಯಾದದ್ದೇ ಪ್ರತ್ಯೇಕತೆಯ ಕಾವನ್ನು ತಗ್ಗಿಸಿತು. ಕೆನಡಾದ ಒಳಗೆ ಇದ್ದೇ ಭಾಷೆಯನ್ನು ಕಾಪಾಡಿಕೊಳ್ಳಬಹುದು ಎಂದು ಖಾತ್ರಿಯಾದ ಮೇಲೆ ಹೊರಹೋಗುವ ತುರ್ತು ಉಳಿಯಲಿಲ್ಲ.

ಆದರೆ ವಲಸಿಗರ ಮನಸ್ಸಿನಲ್ಲಿ ಉಳಿದುಹೋದ ಇನ್ನೊಂದು ರಾತ್ರಿ ಇದೆ. 1995ರ ಅಕ್ಟೋಬರ್ 30. ನನಗಿನ್ನೂ ಪೌರತ್ವ ಬಂದಿರಲಿಲ್ಲ, ಮತವೂ ಇರಲಿಲ್ಲ. ನೆರೆಮನೆಯವರೊಂದಿಗೆ ಟಿವಿಯ ಮುಂದೆ ಕುಳಿತಿದ್ದೆವು. ಆರಂಭದಲ್ಲಿ 'ಹೌದು' ಮುಂದಿತ್ತು, ಮಾಂಟ್ರಿಯಲ್‌ನ ಮತಗಳು ಸೇರುತ್ತಾ ಬಂದಂತೆ ಪರದೆಯ ಮೇಲಿನ ಗೆರೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಯಿತು. ಕೊನೆಗೆ 'ಬೇಡ' ಶೇ 50.58, 'ಹೌದು' ಶೇ 49.42. ಶೇ 93ಕ್ಕೂ ಹೆಚ್ಚು ಮತದಾನ, 54,288 ಮತಗಳ ಅಂತರ. ಆಮೇಲೆ ವೇದಿಕೆಗೆ ಬಂದ ಪ್ರಾಂತದ ಪ್ರಧಾನಿ ಜಾಕ್ ಪಾರಿಜೋ, ನಾವು ಸೋತದ್ದು ಹಣದಿಂದ ಮತ್ತು ಜನಾಂಗೀಯ ಮತಗಳಿಂದ ಎಂದರು. ಮರುದಿನ ರಾಜೀನಾಮೆ ಘೋಷಿಸಿದರು, ಅವರ ಪಕ್ಷದವರೇ ಆ ಮಾತನ್ನು ಖಂಡಿಸಿದರು. ಆದರೂ ಅದುವರೆಗೆ 'ನಾವು' ಎಂದರೆ ಯಾರು ಎಂದು ಯೋಚಿಸದಿದ್ದ ನನ್ನಂಥವರು ಅಂದಿನಿಂದ ಯೋಚಿಸತೊಡಗಿದೆವು. ಆ ಗಾಯದ ಮೇಲೆಯೇ 2019ರ ಇಪ್ಪತ್ತೊಂದನೇ ಕಾನೂನು ಬಿದ್ದಿತು. ಸರ್ಕಾರಿ ಶಾಲೆಯ ಶಿಕ್ಷಕರು, ಪೊಲೀಸರು, ಸರ್ಕಾರಿ ವಕೀಲರು ಕೆಲಸದಲ್ಲಿರುವಾಗ ಧಾರ್ಮಿಕ ಚಿಹ್ನೆ ಧರಿಸುವಂತಿಲ್ಲ, ಆಗಲೇ ಹುದ್ದೆಯಲ್ಲಿದ್ದವರು ಅದೇ ಹುದ್ದೆಯಲ್ಲಿ ಇರುವವರೆಗೆ ಮಾತ್ರ ವಿನಾಯಿತಿ. ನನ್ನ ಮಗಳ ಜೊತೆ ಅದೇ ಫ್ರೆಂಚ್ ಶಾಲೆಯಲ್ಲಿ ಓದಿ, ಶಿಕ್ಷಕಿಯಾಗಲು ತರಬೇತಿ ಪಡೆದ ಗೆಳತಿ ತಲೆವಸ್ತ್ರ ತೆಗೆಯಲೊಪ್ಪದೆ ಒಂಟಾರಿಯೋಗೆ ಹೋದಳು. ಅವಳ ಫ್ರೆಂಚ್ ನನ್ನ ಮಗಳದ್ದಕ್ಕಿಂತ ಸೊಗಸು. ಭಾಷೆಯ ಕಾನೂನು ಬಾಗಿಲು ತೆರೆದು ಒಳಗೆ ಕರೆದಿತ್ತು. ಈ ಕಾನೂನು ಅದೇ ಬಾಗಿಲಲ್ಲಿ ಅವಳನ್ನು ತಡೆದು ನಿಲ್ಲಿಸಿತು. ಎರಡನ್ನೂ ಒಂದೇ ನಾಡಾಭಿಮಾನದ ಹೆಸರಿನಲ್ಲಿ ಸಮರ್ಥಿಸುವುದನ್ನು ನಾನು ಒಪ್ಪಲಾರೆ.

ಒಟ್ಟಾವಾ ನಿವಾಸಿ:

ಮೇಡಂ, ತಮ್ಮ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಭಾಷಾ ಕಾನೂನೇ ಪ್ರತ್ಯೇಕತೆಯ ಕಾವನ್ನು ತಗ್ಗಿಸಿತು ಎಂಬುದು ಕಾಲಾನುಕ್ರಮಕ್ಕೆ ಹೊಂದುವುದಿಲ್ಲ. ಕಾನೂನು ಬಂದು ಹದಿಮೂರು ವರ್ಷವಾದ ಮೇಲೆ, 1990ರ ಕೊನೆಯ ಹೊತ್ತಿಗೆ, ಅಭಿಪ್ರಾಯ ಸಮೀಕ್ಷೆಗಳಲ್ಲಿ ಸಾರ್ವಭೌಮತೆಗೆ ಶೇ 60ನ್ನು ದಾಟಿದ ಬೆಂಬಲವಿತ್ತು. 1980ರಲ್ಲಿ ಸಿಕ್ಕಿದ್ದು ಶೇ 40 ಮಾತ್ರ. ಭಾಷೆ ಭದ್ರವಾಗುತ್ತಾ ಬಂದಿದ್ದರೂ ಬೆಂಬಲ ಏರಿದ್ದು ಏಕೆ?

ಸಂವಿಧಾನದ ವಿಷಯದಲ್ಲಿ ಆದ ಅವಮಾನವೇ ಕಾರಣ ಎಂಬುದು ನನ್ನ ವಾದ. 1981ರ ನವೆಂಬರ್‌ನಲ್ಲಿ ಟ್ರೂಡೋ ಮತ್ತು ಉಳಿದ ಒಂಬತ್ತು ಪ್ರಾಂತಗಳು ಲೆವೆಕ್ ಅವರನ್ನು ಹೊರಗಿಟ್ಟು ಒಪ್ಪಂದಕ್ಕೆ ಬಂದವು, 1982ರ ಸಂವಿಧಾನಕ್ಕೆ ಕ್ವಿಬೆಕ್ ಇಂದಿಗೂ ಸಹಿ ಹಾಕಿಲ್ಲ. ಆ ಬಿರುಕನ್ನು ಮುಚ್ಚಲು ಕೆನಡಾದ ಪ್ರಧಾನಿ ಬ್ರಯನ್ ಮಲ್ರೋನಿ 1987ರಲ್ಲಿ ಮೀಚ್ ಲೇಕ್ ಒಪ್ಪಂದ ತಂದರು. ಕ್ವಿಬೆಕ್ 'ವಿಶಿಷ್ಟ ಸಮಾಜ' ಎಂಬ ಎರಡು ಪದಗಳು ಅದರ ತಿರುಳು. ಎಲ್ಲ ಪ್ರಾಂತಗಳೂ ಮೂರು ವರ್ಷದೊಳಗೆ ಅನುಮೋದಿಸಬೇಕಿತ್ತು. 1990ರ ಜೂನ್‌ನಲ್ಲಿ ಮ್ಯಾನಿಟೋಬಾದ ಶಾಸನಸಭೆಯಲ್ಲಿ ಮೂಲನಿವಾಸಿ ಸದಸ್ಯ ಎಲಿಜಾ ಹಾರ್ಪರ್ ಹದ್ದಿನ ಗರಿಯೊಂದನ್ನು ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಒಪ್ಪಿಗೆ ನಿರಾಕರಿಸಿದರು. ಗಡುವು ಮುಗಿಯಿತು, ನ್ಯೂಫೌಂಡ್‌ಲ್ಯಾಂಡಿನಲ್ಲಿ ಮತಕ್ಕೇ ಹಾಕಲಿಲ್ಲ, ಒಪ್ಪಂದ ಬಿದ್ದುಹೋಯಿತು. ಅದು ಕುಸಿಯುತ್ತಿದ್ದಾಗಲೇ ಮಲ್ರೋನಿ ಸಂಪುಟದಿಂದ ಹೊರಬಂದಿದ್ದ ಲೂಸಿಯನ್ ಬುಶಾರ್ ಕಟ್ಟಿದ್ದೇ ಬ್ಲಾಕ್ ಕ್ವಿಬೆಕ್ವಾ. 1993ರಲ್ಲಿ ಅದು 54 ಸ್ಥಾನ ಗೆದ್ದಿತು. ದೇಶದಿಂದ ಹೊರಹೋಗಬೇಕೆನ್ನುವ ಪಕ್ಷ ಅದೇ ದೇಶದ ಸಂಸತ್ತಿನಲ್ಲಿ ಅಧಿಕೃತ ವಿರೋಧ ಪಕ್ಷವಾಗಿ ಕುಳಿತಿತು. 1995ರ ಶೇ 49.42ಕ್ಕೆ ಹಿನ್ನೆಲೆ ಇದು.

ಹಾರ್ಪರ್ ಅವರ ಗರಿಯ ಮಾತು ಬಂದದ್ದರಿಂದ, ಈ ಚರ್ಚೆಯಲ್ಲಿ ಇದುವರೆಗೆ ಯಾರೂ ಹೇಳದ ಒಂದು ಸಂಗತಿಯನ್ನು ಹೇಳಲೇಬೇಕು. ಕ್ವಿಬೆಕ್‌ನ ಉತ್ತರದ ವಿಶಾಲ ಭೂಮಿ ಮೂಲನಿವಾಸಿಗಳಾದ ಕ್ರೀ ಮತ್ತು ಇನ್ಯೂಟ್ ಜನರ ನೆಲ. ಮೇಷ್ಟ್ರು ಹೊಗಳಿದ ಹೈಡ್ರೋ-ಕ್ವಿಬೆಕ್ ಮುಂದೆ ಜೇಮ್ಸ್ ಕೊಲ್ಲಿಯ ಅಣೆಕಟ್ಟುಗಳನ್ನು ಕಟ್ಟಲು ಹೊರಟದ್ದು ಆ ನೆಲದ ಮೇಲೆಯೇ. ಕ್ರೀ ಜನರು ನ್ಯಾಯಾಲಯಕ್ಕೆ ಹೋದ ಮೇಲೆ 1975ರಲ್ಲಿ ಒಪ್ಪಂದವಾಯಿತು. 1995ರಲ್ಲಿ ಪ್ರಾಂತದ ಜನಮತಗಣನೆಗೆ ಕೆಲವೇ ದಿನ ಮುಂಚೆ ಕ್ರೀ ಜನರು ತಮ್ಮದೇ ಮತಗಣನೆ ನಡೆಸಿದರು. ಶೇ 96ರಷ್ಟು ಮಂದಿ, ತಮ್ಮ ಒಪ್ಪಿಗೆಯಿಲ್ಲದೆ ತಮ್ಮನ್ನೂ ತಮ್ಮ ನೆಲವನ್ನೂ ಕೆನಡಾದಿಂದ ಬೇರ್ಪಡಿಸಕೂಡದು ಎಂದರು. ಕೆನಡಾದೊಳಗೆ ಕ್ವಿಬೆಕ್ ಒಂದು ನಾಡು ಎನ್ನುವುದಾದರೆ ಕ್ವಿಬೆಕ್‌ನೊಳಗೆ ಕ್ರೀ ಜನರದ್ದೂ ಒಂದು ನಾಡೇ. ಈ ಪ್ರಶ್ನೆಗೆ ಪಾರ್ಟಿ ಕ್ವಿಬೆಕ್ವಾ ಕೊಟ್ಟ ಯಾವ ಉತ್ತರವೂ ನನಗೆ ಒಪ್ಪಿಗೆಯಾಗಿಲ್ಲ.

ಶಿವಮೊಗ್ಗದ ನಿವೃತ್ತ ಅಧ್ಯಾಪಕ:

ಕ್ರೀ ಜನರ ವಿಷಯವನ್ನು ನಾನು ಬಿಟ್ಟದ್ದು ದೊಡ್ಡ ಲೋಪ. ತಿದ್ದಿದ್ದಕ್ಕೆ ಕೃತಜ್ಞ.

ತಮ್ಮಿಬ್ಬರ ವಾದಗಳಲ್ಲಿ ಒಂದನ್ನು ಆರಿಸಬೇಕಾಗಿಲ್ಲ ಎಂದು ನನ್ನ ತಿಳಿವು. 1990ರ ಉರಿಗೆ ಕಾರಣ ಮೀಚ್ ಲೇಕ್. ಉರಿ ಆರಿದ ಮೇಲೆ ಮತ್ತೆ ಹೊತ್ತಿಕೊಳ್ಳದಿರಲು ಕಾರಣ ಭಾಷೆಯ ಭದ್ರತೆ. ಇದರ ಜೊತೆಗೆ ಕಾನೂನಿನ ದಾರಿಯೂ ಕಿರಿದಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್, ಏಕಪಕ್ಷೀಯವಾಗಿ ಹೊರಹೋಗುವ ಹಕ್ಕು ಕ್ವಿಬೆಕ್‌ಗೆ ಇಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು ಎಂದಿತು. 'ಸ್ಪಷ್ಟ' ಎಂದರೇನೆಂದು ಸಂಸತ್ತು ತೀರ್ಮಾನಿಸಲಿ ಎಂದು 2000ದಲ್ಲಿ ಕೇಂದ್ರದ ಕಾಯ್ದೆ ಬಂತು. ಅರ್ಧಕ್ಕಿಂತ ಒಂದು ಮತ ಹೆಚ್ಚಾದರೆ ಸಾಕು ಎಂದು ಕ್ವಿಬೆಕ್ ಅದೇ ವರ್ಷ ತನ್ನ ಕಾಯ್ದೆ ಮಾಡಿತು. ಎರಡೂ ಕಾಯ್ದೆಗಳು ಇಂದಿಗೂ ಎದುರುಬದುರು ನಿಂತಿವೆ.

ಈಗ ಲೆಗೋ ಅವರ ವಿಷಯಕ್ಕೆ ಬರೋಣ. ಅವರು ಮೂಲತಃ ಪಾರ್ಟಿ ಕ್ವಿಬೆಕ್ವಾ ಸರ್ಕಾರದಲ್ಲಿ ಸಚಿವರಾಗಿದ್ದವರು. 2011ರಲ್ಲಿ ಹೊಸ ಪಕ್ಷ ಕಟ್ಟಿದಾಗ ನಾಡಿನ ಮಾತನ್ನೆಲ್ಲ ಇಟ್ಟುಕೊಂಡು ಜನಮತಗಣನೆಯನ್ನು ಮಾತ್ರ ಕೈಬಿಟ್ಟರು. ಲೆವೆಕ್ 1976ರಲ್ಲಿ ಬಿಡಿಸಿಟ್ಟಿದ್ದರಲ್ಲ, ಅದರ ಒಂದು ಭಾಗವನ್ನಷ್ಟೇ ಇವರು ಎತ್ತಿಕೊಂಡರು ಎನ್ನಬಹುದು. 2018ರಲ್ಲಿ ಗೆದ್ದರು, ಧಾರ್ಮಿಕ ಚಿಹ್ನೆಯ ಕಾನೂನನ್ನೂ 2022ರಲ್ಲಿ ಭಾಷಾ ಸನ್ನದನ್ನು ಬಿಗಿಗೊಳಿಸಿದ ತೊಂಬತ್ತಾರನೇ ಕಾನೂನನ್ನೂ ತಂದರು. ಆದರೆ 90 ಸ್ಥಾನ ಎಂಬ ಅಂಕಿಯನ್ನು ವಿದ್ಯಾರ್ಥಿಗಳು ಎಚ್ಚರಿಕೆಯಿಂದ ಓದಬೇಕು. ಆ ಪಕ್ಷಕ್ಕೆ ಬಿದ್ದ ಮತ ಶೇ 41. ಲಿಬರಲ್ ಪಕ್ಷಕ್ಕೆ ಶೇ 14.4 ಮತ, 21 ಸ್ಥಾನ. ಪಾರ್ಟಿ ಕ್ವಿಬೆಕ್ವಾಕ್ಕೆ ಅದಕ್ಕಿಂತ ತುಸು ಹೆಚ್ಚೇ, ಶೇ 14.6 ಮತ, ಸಿಕ್ಕಿದ್ದು 3 ಸ್ಥಾನ. ಶೇ 12.9 ಮತ ಪಡೆದ ಕನ್ಸರ್ವೇಟಿವ್ ಪಕ್ಷಕ್ಕೆ ಒಂದೂ ಇಲ್ಲ. ನಮ್ಮಲ್ಲಿರುವ ಹಾಗೆಯೇ ಹೆಚ್ಚು ಮತ ಪಡೆದವನು ಗೆಲ್ಲುವ ಪದ್ಧತಿ. ಅದನ್ನು ಬದಲಿಸುತ್ತೇನೆಂದು ಕೊಟ್ಟಿದ್ದ ಮಾತನ್ನು ಲೆಗೋ ಮೊದಲ ಅವಧಿಯಲ್ಲಿಯೇ ಕೈಬಿಟ್ಟಿದ್ದರು. ಎಡಪಂಥೀಯ ಕ್ವಿಬೆಕ್ ಸೊಲಿಡೇರ್ ಪಕ್ಷವೂ ಸ್ವಾತಂತ್ರ್ಯವಾದಿಯೇ, ಅದಕ್ಕೆ ಶೇ 15.4 ಬಂದಿತ್ತು. ಅದರ ಮತವನ್ನೂ ಪಾರ್ಟಿ ಕ್ವಿಬೆಕ್ವಾದ ಮತವನ್ನೂ ಕೂಡಿಸಿದರೆ ಶೇ 30. ಮೂರು ಸ್ಥಾನ ನೋಡಿ ಕಥೆ ಮುಗಿಯಿತು ಎನ್ನುವುದು ಅವಸರದ ತೀರ್ಮಾನವಾಗುತ್ತದೆ.

ಧಾರವಾಡದ ವಿದ್ಯಾರ್ಥಿ:

ಎಲ್ಲರಿಗೂ ಅನಂತ ಧನ್ಯವಾದಗಳು. ಇನ್ನೊಂದೇ ಸಂದೇಹ. ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡಿದ್ದ ಕರ್ನಾಟಕದ 1994ರ ನೀತಿಯನ್ನು 2014ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಅಲ್ಲಿಗೆ ಆ ನೀತಿ ನಿಂತಿತು. ಕ್ವಿಬೆಕ್‌ನಲ್ಲಿ ನ್ಯಾಯಾಲಯಗಳು ಅಡ್ಡ ಬರಲಿಲ್ಲವೇ?

ಶಿವಮೊಗ್ಗದ ನಿವೃತ್ತ ಅಧ್ಯಾಪಕ:

ಬಂದವು. ಅಂಗಡಿ ಫಲಕಗಳಲ್ಲಿ ಫ್ರೆಂಚ್ ಮಾತ್ರ ಇರಬೇಕೆಂಬ ನಿಯಮವನ್ನು 1988ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆದರೆ ಅಲ್ಲಿನ ಸಂವಿಧಾನದ 33ನೇ ವಿಧಿಯು ಕೆಲವು ಮೂಲಭೂತ ಹಕ್ಕುಗಳನ್ನು ಒಂದು ಬಾರಿಗೆ ಐದು ವರ್ಷದವರೆಗೆ ಬದಿಗಿರಿಸಿ ಕಾನೂನು ಮಾಡುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿದೆ. ಬುರಸ್ಸಾ ಕೆಲವೇ ದಿನಗಳಲ್ಲಿ ಅದನ್ನು ಬಳಸಿದರು, ಅವರ ಸಂಪುಟದ ಮೂವರು ಇಂಗ್ಲಿಷ್ ಭಾಷಿಕ ಸಚಿವರು ರಾಜೀನಾಮೆ ಕೊಟ್ಟರು. ಐದು ವರ್ಷ ತುಂಬುವ ಹೊತ್ತಿಗೆ, 1993ರಲ್ಲಿ, ಫ್ರೆಂಚ್ ಎದ್ದು ಕಾಣುವಂತಿದ್ದರೆ ಬೇರೆ ಭಾಷೆಯೂ ಇರಬಹುದು ಎಂದು ಸಡಿಲಿಸಿದರು. ನಮ್ಮ ರಾಜ್ಯಗಳಿಗೆ ಅಂಥ ವಿಧಿಯಿಲ್ಲ. ಮೇಡಂ ಅವರನ್ನು ನೋಯಿಸಿದ ಇಪ್ಪತ್ತೊಂದನೇ ಕಾನೂನಿಗೂ ಅದೇ ವಿಧಿಯ ರಕ್ಷೆ ಎಂಬುದನ್ನು ಮಾತ್ರ ತಮ್ಮ ಪ್ರಬಂಧದಲ್ಲಿ ಬಿಡಬೇಡಿ.

ಮಾಂಟ್ರಿಯಲ್ ಕನ್ನಡತಿ:

ಕಥೆ ಮುಗಿದಿಲ್ಲ ಎಂಬ ಮೇಷ್ಟ್ರ ಮಾತಿಗೆ ಇಲ್ಲಿಂದಲೇ ಸಾಕ್ಷಿ ಹೇಳುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಕ್ವಿಬೆಕ್ ನಗರದ ಜಾನ್-ತಲೋ ಕ್ಷೇತ್ರದ ಉಪಚುನಾವಣೆಯನ್ನೂ, 2025ರಲ್ಲಿ ತೆರ್‌ಬೊನ್ ಮತ್ತು ಅರ್ತಬಾಸ್ಕಾ ಉಪಚುನಾವಣೆಗಳನ್ನೂ ಪಾರ್ಟಿ ಕ್ವಿಬೆಕ್ವಾ ಆಳುವ ಪಕ್ಷದಿಂದ ಕಿತ್ತುಕೊಂಡಿತು. ಅದರ ನಾಯಕ ಪಾಲ್ ಸೇಂಟ್-ಪಿಯರ್ ಪ್ಲಾಮೊಂಡನ್ ಅಧಿಕಾರಕ್ಕೆ ಬಂದರೆ ಮೊದಲ ಅವಧಿಯಲ್ಲಿಯೇ ಮೂರನೆಯ ಜನಮತಗಣನೆ ಎಂದು ಮಾತು ಕೊಟ್ಟಿದ್ದಾರೆ. 2022ರಲ್ಲಿ ಕೆನಡಾಕ್ಕೂ ರಾಜನಾಗಿರುವ ಬ್ರಿಟನ್ ರಾಜನ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಲೊಲ್ಲದೆ ಸದನದ ಬಾಗಿಲಿನಿಂದ ಹಿಂದಿರುಗಿ, ಕೊನೆಗೆ ಆ ನಿಯಮವನ್ನೇ ಬದಲಿಸುವಂತೆ ಮಾಡಿದವರು ಅವರು.

ಕಳೆದ ವಾರ ಮಗಳು 1995ರ ಮತಪತ್ರದಲ್ಲಿ ಏನಿತ್ತು ಎಂದು ಕೇಳಿದಳು. ಇಬ್ಬರೂ ಹುಡುಕಿ ಓದಿದೆವು. ಹೊಸ ಆರ್ಥಿಕ ಮತ್ತು ರಾಜಕೀಯ ಸಹಭಾಗಿತ್ವದ ಪ್ರಸ್ತಾವವನ್ನು ಕೆನಡಾಕ್ಕೆ ವಿಧಿವತ್ತಾಗಿ ಸಲ್ಲಿಸಿದ ಬಳಿಕ, ಇಂಥ ಮಸೂದೆ ಮತ್ತು ಜೂನ್ 12ರ ಇಂಥ ಒಪ್ಪಂದದ ಚೌಕಟ್ಟಿನಲ್ಲಿ, ಕ್ವಿಬೆಕ್ ಸಾರ್ವಭೌಮವಾಗಬೇಕೆಂದು ಒಪ್ಪುವಿರಾ ಎಂಬ ಒಂದೇ ಉದ್ದನೆಯ ವಾಕ್ಯ. ಅವಳು ಫ್ರೆಂಚಿನಲ್ಲಿ ಒಮ್ಮೆ, ನನಗಾಗಿ ಕನ್ನಡದಲ್ಲಿ ಒಮ್ಮೆ ಓದಿದಳು. ನೀನಾಗಿದ್ದರೆ ಏನು ಬರೆಯುತ್ತಿದ್ದೆ ಅಮ್ಮಾ ಎಂದಳು. 'ಬೇಡ' ಎಂದೆ. ಅವಳು ತಾನು ಏನು ಬರೆಯುವೆನೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.